ಎರಡನೆಯ ಹಗೇವು

ಆಳುಗಳನ್ನು ನೋಡಿಕೊಳ್ಳುತ್ತಿದ್ದ ನಮ್ಮ ಮುಕಾದಮ್ ಕೆಲಸ ಬಿಟ್ಟರೆಂದು ಜೆಸಿಬಿ ಚಾಲಕ ಫೋನಿನಲ್ಲಿ ಹೇಳಿದಾಗ ನಾನು ಜೇವರ್ಗಿ ಹತ್ತಿರದ ಒಂದು ಸೈಟಿನಲ್ಲಿದ್ದೆ. ಕಣ್ಣಿನ ಪೊರೆ ತೆಗೆಸಿದ್ದಾರಂತೆ, ಮೊಣಕಾಲು ಮಾತು ಕೇಳುತ್ತಿಲ್ಲವಂತೆ, ಇನ್ನು ಯಾವ ಸೈಟಿಗೂ ಬರುವುದಿಲ್ಲವಂತೆ. ಚಾಲಕನ ದನಿಯಲ್ಲಿ ದುಃಖಕ್ಕಿಂತ ನಿರಾಳವೇ ಹೆಚ್ಚಿತ್ತು. ನನಗೂ ಹಾಗೆಯೇ ಅನಿಸಬೇಕಿತ್ತು. ಮೂರು ವರ್ಷದಲ್ಲಿ ನನಗೆ ಅವರಷ್ಟು ಸಿಟ್ಟು ತರಿಸಿದ ಮನುಷ್ಯ ಬೇರೆ ಇಲ್ಲ; ಮನೆಯವರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಇಲ್ಲಿಯ ಹೊಸ ಮುಕಾದಮ್ ನಾನು ಹೇಳಿದ್ದಕ್ಕೆಲ್ಲ ‘ಆಯ್ತ್ರಿ ಮೇಡಂ’ ಎನ್ನುತ್ತಾನೆ. ಹೇಳಿದ ದಿನಕ್ಕೆ ಮುಗಿಸುತ್ತಾನೆ. ಇಂಥ ಒಬ್ಬನಿಗಾಗಿ ನಾನು ಮೂರು ವರ್ಷ ಹಂಬಲಿಸಿದ್ದೆ. ಸಿಕ್ಕ ಮೇಲೆ, ದಿನಕ್ಕೆ ಎರಡು ಸಲ ನಾನೇ ಗುಂಡಿಗೆ ಇಳಿದು ತಳ ನೋಡಿ ಬರುತ್ತಿದ್ದೇನೆ.

ನಾನು ಕಟ್ಟಡಗಳ ಎಂಜಿನಿಯರ್. ನನ್ನ ಪಾಲಿಗೆ ಬಂದಿರುವುದು ಕಟ್ಟಡ ಏಳುವುದಕ್ಕೆ ಮುಂಚಿನ ಕೆಲಸ. ಜಾಗ ತೆರವು ಮಾಡಿಸುವುದು, ಜಾಲಿಯನ್ನು ಬೇರುಸಹಿತ ಕೀಳಿಸುವುದು, ಮಟ್ಟ ನೋಡುವುದು, ದಾರ ಹಿಡಿದು ಗುರುತು ಹಾಕಿಸುವುದು, ಪಾಯದ ಗುಂಡಿ ತೋಡಿಸಿ ತಳ ಗಟ್ಟಿಯಿದೆ ಎಂದು ಸಹಿ ಮಾಡುವುದು. ಆ ಸಹಿ ಬಿದ್ದ ಮೇಲೆ ಕಾಂಕ್ರೀಟ್ ಸುರಿಯುತ್ತಾರೆ. ಅಲ್ಲಿಗೆ ನನ್ನ ಕೆಲಸವೆಲ್ಲ ಮುಚ್ಚಿಹೋಗುತ್ತದೆ. ಉದ್ಘಾಟನೆಗೆ ಬಂದವರು ಬಣ್ಣ ನೋಡುತ್ತಾರೆ, ಕಿಟಕಿ ನೋಡುತ್ತಾರೆ. ನೆಲದ ಕೆಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಕೇಳುವ ದಿನ ಬಂದರೆ ಅದು ಒಳ್ಳೆಯ ದಿನವಾಗಿರುವುದಿಲ್ಲ.

ನಮ್ಮ ಗುತ್ತಿಗೆದಾರರ ಹತ್ತಿರ ಈ ಮೊದಲ ಹಂತದ ಕೆಲಸಕ್ಕೆ ಅವರು ಮುಕಾದಮ್ ಆಗಿದ್ದರು. ಆಳು ಕರೆತರುವುದು, ಕೆಲಸ ಹಂಚುವುದು, ಹಳ್ಳಿಯವರ ಜೊತೆ ಮಾತಾಡುವುದು ಎಲ್ಲ ಅವರದೇ. ಹೆಸರು ಬರೆಯುವುದಿಲ್ಲ. ಬರೆದರೆ ಯಾರ ಕೈಯಿಂದಲಾದರೂ ಓದಿಸಿಕೊಂಡು ಎರಡು ತಿದ್ದುಪಡಿ ಹೇಳಿ ಕಳಿಸುತ್ತಾರೆ.

ಮೊದಲ ಸಲ ಅವರನ್ನು ಕಂಡದ್ದು ನಿಂಬರ್ಗಾದಲ್ಲಿ. ಅಲ್ಲೊಂದು ಶಾಲೆಗೆ ನಾಲ್ಕು ಕೋಣೆ ಕಟ್ಟಬೇಕಿತ್ತು. ನಾನು ಕೆಲಸಕ್ಕೆ ಸೇರಿ ಎರಡು ವಾರವಾಗಿತ್ತು. ಧೋತರ, ಉದ್ದ ತೋಳಿನ ಅಂಗಿ, ಬಿಳಿ ಟೊಪ್ಪಿಗೆಯ ಒಬ್ಬರು ಮೊಪೆಡ್ ನಿಲ್ಲಿಸಿ, ಚಪ್ಪಲಿಯನ್ನು ರಸ್ತೆಯ ಅಂಚಿನಲ್ಲಿ ಬಿಟ್ಟು, ಬರಿಗಾಲಲ್ಲಿ ಜಾಗದ ಒಳಗೆ ನಡೆದುಬಂದರು. ನೆಲವನ್ನು ಕಾಲಿನಿಂದ ತಿಳಿಯುತ್ತಾರೇನೋ ಎಂದು ನನಗೆ ತುಸು ಗೌರವ ಹುಟ್ಟಿತು. ಹತ್ತು ಹೆಜ್ಜೆಗೆ ಜಾಲಿಮುಳ್ಳು ಹೊಕ್ಕಿತು. ಅರ್ಧ ದಿನ ಬೇವಿನ ನೆರಳಲ್ಲಿ ಕುಳಿತು ಅದನ್ನು ತೆಗೆಯುತ್ತಿದ್ದರು. ಮರುದಿನ ನಾನು ಸುರಕ್ಷತೆಯ ಬೂಟು ಕೊಡಿಸಿದೆ. ಅವನ್ನು ಕೈಯಲ್ಲಿ ಹಿಡಿದುಕೊಂಡು ಓಡಾಡಿದರು. ಕೇಳಿದ್ದಕ್ಕೆ, ಹೊಸವು ಅದಾವು, ಮಣ್ಣಾದರೆ ಕೆಡುತ್ತವೆ ಎಂದರು.

ನಿಂಬರ್ಗಾದಲ್ಲೇ ಮಣ್ಣಿನ ಗುಡ್ಡೆಯ ಪ್ರಕರಣವೂ ನಡೆಯಿತು. ನಮ್ಮ ಕಡೆಯ ಕಪ್ಪು ಎರೆಮಣ್ಣು ಜೋಳಕ್ಕೆ, ತೊಗರಿಗೆ ಚಿನ್ನ, ಕಟ್ಟಡಕ್ಕೆ ವೈರಿ. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಾಯಿ ಬಿಡುತ್ತದೆ. ಅದನ್ನು ದಾಟಿ ಕೆಳಗಿನ ಕೆಂಪು ಗಟ್ಟಿ ಮುರುಮ್ ಸಿಗುವವರೆಗೆ ತೋಡಿ, ಅದರ ಮೇಲೆ ಪಾಯ ಕೂರಿಸಬೇಕು. ತೆಗೆದ ಎರೆಮಣ್ಣು ಹೊಲದವರಿಗೆ ಬೇಕೇ ಬೇಕು. ಅದನ್ನು ಯಾರಿಗೆ ಕೊಡುವುದೆಂದು ಇವರೇ ನಿರ್ಧರಿಸಿದ್ದರು. ತಪ್ಪೇನಿಲ್ಲ. ಆದರೆ ಒಂದೇ ಗುಡ್ಡೆಯನ್ನು ಮೂರು ಮನೆಗಳಿಗೆ ಮಾತು ಕೊಟ್ಟಿದ್ದರು. ಒಂದು ಬೆಳಿಗ್ಗೆ ಮೂರು ಟ್ರ್ಯಾಕ್ಟರುಗಳು ಬಂದು ಮೂಗಿಗೆ ಮೂಗು ತಾಗಿಸಿ ನಿಂತವು. ಎರಡು ದಿನ ನಮ್ಮ ಜೆಸಿಬಿ ಹೊರಗೂ ಹೋಗಲಿಲ್ಲ, ಒಳಗೂ ಬರಲಿಲ್ಲ. ಯಾಕೆ ಹೀಗೆ ಮಾಡಿದಿರೆಂದು ಕೇಳಿದರೆ, ಮೂವರೂ ಬೇರೆ ಬೇರೆ ದಿನ ಕೇಳಿದರು, ಕೇಳಿದ ದಿನ ಇಲ್ಲ ಎನ್ನಲು ಆಗಲಿಲ್ಲ ಎಂದರು.

ಇಲ್ಲ ಎನ್ನುವುದು ಅವರಿಗೆ ಬರುತ್ತಲೇ ಇರಲಿಲ್ಲ. ಹೌದು ಎನ್ನುವುದೂ ಅಷ್ಟಕ್ಕಷ್ಟೇ. ನೇರ ಪ್ರಶ್ನೆ ಕೇಳಿದ ಕೂಡಲೇ ಟೊಪ್ಪಿಗೆ ತೆಗೆದು ಒಳಗೆ ನೋಡಿ ಮತ್ತೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ಬರುತ್ತಿದ್ದ ಉತ್ತರ ಒಂದೇ.

“ಊಟ ಆಯ್ತೇನ್ರಿ ಮೇಡಂ?”

ಮುಂಜಾನೆ ಒಂಬತ್ತಕ್ಕೂ ಇದೇ, ಸಂಜೆ ಐದಕ್ಕೂ ಇದೇ. ಗುಂಡಿ ಎಂದು ಮುಗಿಯುತ್ತದೆ, ಊಟ ಆಯ್ತೇನ್ರಿ. ಮುರುಮ್ ಎಷ್ಟು ಲೋಡು ಬಂತು, ಊಟ ಆಯ್ತೇನ್ರಿ. ನಾನು ಕೆಲಸದ ಪ್ರಗತಿಯನ್ನು ದಿನವೂ ಕಚೇರಿಗೆ ಕಳಿಸಬೇಕು. ಆ ವರದಿಯಲ್ಲಿ ನನ್ನ ಊಟದ ಬಗ್ಗೆ ಬರೆಯುವ ಜಾಗವಿರಲಿಲ್ಲ.

ಜೇವರ್ಗಿ ತಾಲ್ಲೂಕಿನ ಇನ್ನೊಂದು ಸೈಟಿನಲ್ಲಿ ದಾರದ ಜಗಳ. ಕಟ್ಟಡದ ಗೆರೆಗಳನ್ನು ನೆಲದ ಮೇಲೆ ಗುರುತಿಸಲು ಗೂಟ ಹೊಡೆದು ದಾರ ಎಳೆದಿದ್ದೆವು. ಆ ಜಾಗದ ಅಡ್ಡಲಾಗಿ ಹೆಂಗಸರು ನೀರಿಗೆ ಹೋಗುವ ಕಾಲುದಾರಿ ಇತ್ತು. ಪ್ರತಿ ಮುಂಜಾನೆ ದಾರ ಹರಿದಿರುತ್ತಿತ್ತು, ಗೂಟ ಅಲುಗಿರುತ್ತಿತ್ತು, ನಾನು ಮತ್ತೆ ಮೊದಲಿನಿಂದ ಅಳೆಯಬೇಕಿತ್ತು. ತಂತಿ ಬೇಲಿ ಹಾಕಿಸಿ ಎಂದೆ. ಆಯಿತು ಎಂಬಂತೆ ತಲೆಯಾಡಿಸಿದರು. ಮರುದಿನ ಬೇಲಿ ಇತ್ತು, ನಡುವೆ ಬಿಂದಿಗೆ ಹೊತ್ತವರು ದಾಟುವಷ್ಟು ಅಗಲದ ಬಾಯಿಯೂ ಇತ್ತು. ದಾರಗಳನ್ನು ಆ ಜಾಗದಲ್ಲಿ ಮಾತ್ರ ಬಿದಿರಿಗೆ ಕಟ್ಟಿ ಆಳೆತ್ತರಕ್ಕೆ ಏರಿಸಿದ್ದರು. ಹೆಂಗಸರು ಕೆಳಗೆ ನಡೆದುಹೋಗುತ್ತಿದ್ದರು. ದಾರವೇನೋ ಹರಿಯಲಿಲ್ಲ, ಆದರೆ ಆಳೆತ್ತರದ ದಾರದಿಂದ ನೆಲಕ್ಕೆ ಗೆರೆ ಇಳಿಸಲು ನಾನು ಸ್ಟೂಲಿನ ಮೇಲೆ ಹತ್ತಿ ತೂಕದ ಗುಂಡು ಇಳಿಬಿಡಬೇಕಾಯಿತು. ನೀರು ಹೊತ್ತು ಹೋಗುತ್ತಿದ್ದವರಲ್ಲಿ ಒಬ್ಬಳು ನಿಂತು ನೋಡಿ, “ಯಾಕ ಬೇ ಯವ್ವಾ, ಅಟ್ಟ ಏರಿ ಜೋಳದ ಹಕ್ಕಿ ಹೊಡಿಯಾಕತ್ತೀ ಏನು?” ಎಂದಳು. ಇವರು ಟೊಪ್ಪಿಗೆ ತೆಗೆದು ಅದರೊಳಗೆ ನಗುತ್ತಿದ್ದರು.

ಇಷ್ಟೆಲ್ಲ ಹೇಳುತ್ತಿರುವುದು ಅವರ ಬಗ್ಗೆ ನನ್ನಲ್ಲಿ ಎಷ್ಟು ಅಸಹನೆ ಕೂಡಿಬಿದ್ದಿತ್ತು ಎಂದು ತಿಳಿಯಲಿ ಎಂದು. ಅಫಜಲಪುರದ ಕೆಲಸಕ್ಕೆ ಹೋಗುವ ಹೊತ್ತಿಗೆ ಅದು ಗಂಟಲಿನವರೆಗೆ ಬಂದಿತ್ತು.

ಅಫಜಲಪುರದಿಂದ ಕರಜಗಿ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳ ವಸತಿ ನಿಲಯ ಕಟ್ಟಬೇಕಿತ್ತು. ನನ್ನೊಬ್ಬಳ ಸಹಿಯ ಮೇಲೆ ನಡೆಯುವ ಮೊದಲ ಕೆಲಸ ಅದು. ಅದಕ್ಕೆ ಮುಂಚೆ ನನ್ನ ಸಹಿಯ ಕೆಳಗೆ ಹಿರಿಯರೊಬ್ಬರ ಸಹಿ ಇರುತ್ತಿತ್ತು. ನಾನೂ ಓದುವಾಗ ಇಂಥದೇ ನಿಲಯವೊಂದರಲ್ಲಿ, ಗೋಡೆಯ ಬಿರುಕಿಗೆ ಕ್ಯಾಲೆಂಡರ್ ತೂಗುಹಾಕಿ, ಅದರ ಪಕ್ಕ ಐದು ವರ್ಷ ಮಲಗಿದವಳು. ಅಷ್ಟು ಹೇಳಿದರೆ ಸಾಕು.

ಆ ಜಾಗದಲ್ಲಿ ಹಿಂದೆ ದೊಡ್ಡ ವಾಡೆ ಇತ್ತು. ಅದು ಬಿದ್ದು ಮಣ್ಣಿನ ದಿಬ್ಬವಾದ ಮೇಲೆ ಮನೆತನದವರು ಜಾಗವನ್ನು ನಿಲಯಕ್ಕೆ ಬಿಟ್ಟುಕೊಟ್ಟಿದ್ದರು. ವಾಡೆಯ ಸೊಸೆಯಾಗಿ ಬಂದ ಅಜ್ಜಿಯೊಬ್ಬರು ಎದುರಿನ ಸಣ್ಣ ಮನೆಯಲ್ಲಿದ್ದರು. ನಮ್ಮ ಮುಕಾದಮ್ ಮೊದಲ ದಿನವೇ ಅವರ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತು ವಾಡೆಯ ಹಗೇವು ಎಲ್ಲಿತ್ತೆಂದು ವಿಚಾರಿಸಿದರು.

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು. ಕೆಳಗೆ ಮುರುಮಿನಲ್ಲಿ ಹೊಟ್ಟೆ ಮಾತ್ರ ಗಡಿಗೆಯಂತೆ ಅಗಲ. ಒಳಗೆ ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿ, ಮೇಲೆ ಮಣ್ಣು ಬಡಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಈಗ ಯಾರೂ ಬಳಸುವುದಿಲ್ಲ. ಬಾಯಿ ಎಲ್ಲಿದೆ ಎಂಬುದೂ ಮರೆತುಹೋಗಿದೆ. ಅಂಥದರ ಮೇಲೆ ಅರಿಯದೆ ಕಂಬ ನಿಲ್ಲಿಸಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಅಜ್ಜಿ ತೋರಿಸಿದ ಕಡೆ ಒಂದು ಸಿಕ್ಕಿತು. ಕಲ್ಲು ಸರಿಸಿದ ಮೇಲೆ ಇವರು ಯಾರನ್ನೂ ಇಳಿಯಗೊಡಲಿಲ್ಲ. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಅರ್ಧಕ್ಕೆ ಹೋಗುವಷ್ಟರಲ್ಲಿ ಆರಿತು. ಒಳಗಿನ ಗಾಳಿ ಕೆಟ್ಟಿದೆ ಎಂದು ಎರಡು ದಿನ ಬಾಯಿ ತೆರೆದಿಟ್ಟರು, ದಿನಕ್ಕೆ ನಾಲ್ಕು ಸಲ ಕಂದೀಲು ಇಳಿಸಿದರು. ನಾಲ್ಕು ಸಲ ಯಾಕೆ ಎಂದು ನಾನು ಕೇಳಲಿಲ್ಲ. ಆ ವಿಷಯದಲ್ಲಿ ಅವರು ಮಾಡಿದ್ದು ಸರಿಯಿತ್ತು. ಕೊನೆಗೆ ದೀಪ ಆರದೆ ತಳ ಮುಟ್ಟಿದ ಮೇಲೆ, ಕೊಳೆತ ಹುಲ್ಲನ್ನೆಲ್ಲ ಎತ್ತಿಸಿ, ಗೇಣು ಗೇಣಿಗೆ ಮುರುಮ್ ಹಾಕಿ ನೀರು ಚಿಮುಕಿಸಿ ಬಡಿಸಿದೆವು. ಪಾಯದ ಗುಂಡಿಗಳೂ ಮುಗಿದವು. ಎಲ್ಲದರ ತಳದಲ್ಲೂ ಕೆಂಪು ಮುರುಮ್ ಹೊಳೆಯುತ್ತಿತ್ತು. ನಾನು ಸಹಿಗೆ ಪೆನ್ನು ತೆಗೆದಾಗ ಇವರು ಪಕ್ಕಕ್ಕೆ ಬಂದು ನಿಂತು, ಇನ್ನೊಂದು ಹಗೇವು ಇದೆ ಎಂದರು.

ಎಲ್ಲಿ ಎಂದೆ. ಗೊತ್ತಿಲ್ಲ ಎಂದರು. ಯಾರು ಹೇಳಿದರು ಎಂದೆ. ಟೊಪ್ಪಿಗೆ ತೆಗೆದರು.

ಅಂದಿನಿಂದ ಒಂಬತ್ತು ದಿನ ಅವರು ಸೈಟಿನಲ್ಲಿ ಇದ್ದದ್ದು ಕಡಿಮೆ. ಮನೆ ಮನೆಗೆ ಹೋಗಿ ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದರು. ಬಸ್ಸಿಗೆ ಕಾದು ನಿಂತ ಮುದುಕರನ್ನು ಕೇಳುತ್ತಿದ್ದರು. ಅಫಜಲಪುರದ ಸಂತೆಗೆ ಹೊರಟವರನ್ನು ಅಡ್ಡಗಟ್ಟಿ ಕೇಳುತ್ತಿದ್ದರು. ಊರ ಹೋಟೆಲಿನಲ್ಲಿ ನಮ್ಮ ಕೆಲಸಕ್ಕೆ ‘ಎರಡನೇ ಹಗೇವಿನ ಹಾಸ್ಟೆಲ್’ ಎಂದೇ ಹೆಸರಾಯಿತು. ನಾನು ಸ್ವತಃ ಹೋಗಿ ಎದುರಿನ ಅಜ್ಜಿಯನ್ನು ಕೇಳಿದೆ.

“ನಾ ಈ ಮನಿಗಿ ಬಂದಾಗಿಂದ ಒಂದಽ ಅದ ತಂಗಿ” ಎಂದರು ಅಜ್ಜಿ. “ಅಂವ ದಿನಾ ಬರ್ತಾನ, ದಿನಾ ಕೇಳ್ತಾನ. ಚಾ ಪುಡಿ ತೀರಿಸ್ಯಾನ.”

ನಾನು ಪುಸ್ತಕದ ದಾರಿ ಹಿಡಿದೆ. ಮಣ್ಣು ಕೊರೆಯುವ ಉದ್ದನೆಯ ಸಲಾಕೆ ತರಿಸಿ, ಗುಂಡಿಗಳ ತಳದಲ್ಲೂ ನಡುವಿನ ನೆಲದಲ್ಲೂ ಲೆಕ್ಕದ ಅಂತರದಲ್ಲಿ ನಲವತ್ತೆರಡು ತೂತು ಕೊರೆಸಿದೆ. ಕೆಳಗೆ ಟೊಳ್ಳಿದ್ದರೆ ಸಲಾಕೆ ತಟ್ಟನೆ ಕುಸಿಯುತ್ತದೆ. ನಲವತ್ತೆರಡರಲ್ಲಿ ಒಂದೂ ಕುಸಿಯಲಿಲ್ಲ. ಪ್ರತಿ ತೂತಿಗೂ ಎಷ್ಟು ಅಡಿಗೆ ಯಾವ ಬಣ್ಣದ ಮಣ್ಣು ಬಂತೆಂದು ನನ್ನ ದಾಖಲೆ ಪುಸ್ತಕದಲ್ಲಿ ಗೆರೆ ಹಾಕಿ ಬರೆದೆ. ಮೂರು ದಿನದ ಕೆಲಸ. ಮುಗಿದ ಮೇಲೆ ಪುಸ್ತಕ ತಂದು ಅವರ ಮುಂದೆ ಹಿಡಿದೆ. ಏಳನೆಯ ಇಯತ್ತೆವರೆಗೆ ಓದಿದವರು, ಅಕ್ಷರ ಬರುತ್ತಿತ್ತು. ಆದರೆ ನೋಡಲೇ ಇಲ್ಲ. ಚಲೋ ಬರದೀರಿ ಎಂದು ಹೇಳಿ ಮತ್ತೆ ಊರೊಳಗೆ ಹೋದರು.

ಅಷ್ಟರಲ್ಲಿ ಭೀಮಾ ಹೊಳೆಯ ಆಚೆ ಮೋಡ ಕಟ್ಟತೊಡಗಿತ್ತು. ತೆರೆದ ಗುಂಡಿಗಳಿಗೆ ಮಳೆ ನುಗ್ಗಿದರೆ ಅಂಚಿನ ಎರೆಮಣ್ಣು ಕುಸಿದು ಎಲ್ಲವನ್ನೂ ಹೊಸದಾಗಿ ಮಾಡಬೇಕು. ಗುತ್ತಿಗೆದಾರರು ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದರು. ಕೊನೆಗೆ ಸೋಮವಾರ ಕಾಂಕ್ರೀಟ್, ಭಾನುವಾರ ಸಂಜೆಯೊಳಗೆ ನಿಮ್ಮ ಸಹಿ ಬೇಕು, ಇಲ್ಲದಿದ್ದರೆ ಬೇರೆಯವರ ಸಹಿ ತರಿಸುತ್ತೇನೆ ಎಂದರು. ಹಾಗೆ ಬೇರೆಯವರ ಸಹಿ ಬಿದ್ದರೆ ನನಗೆ ಮತ್ತೆ ಒಂಟಿಯಾಗಿ ಸೈಟ್ ಕೊಡುವುದಿಲ್ಲ ಎಂದು ಅವರು ಹೇಳದಿದ್ದರೂ ನನಗೆ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಅವರನ್ನು ಮೂಲೆಯ ಗುಂಡಿಯ ಹತ್ತಿರ ನಿಲ್ಲಿಸಿಕೊಂಡೆ. ನಾನು ಕೆಲಸದ ಜಾಗದಲ್ಲಿ ದನಿ ಏರಿಸುವುದಿಲ್ಲ. ಕಾಲೇಜಿನಲ್ಲಿ ಕಲಿತ ಕನ್ನಡವನ್ನೇ ಆಡುತ್ತೇನೆ; ಅದು ಒಂದು ಬಗೆಯ ಬೇಲಿ. ಅಂದು ಎರಡೂ ಉಳಿಯಲಿಲ್ಲ. ಆಳಂದದ ಮನೆಯ ಮಾತೇ ಬಾಯಿಗೆ ಬಂತು.

“ಎರಡು ಅದಾವಂತ ನಿಮಗ ಹೇಳಿದವರು ಯಾರು? ಒಬ್ಬರ ಹೆಸರು ಹೇಳ್ರಿ. ನಾನಽ ಹೋಗಿ ಕೇಳ್ತೇನಿ.”

“ಊಟ ಆಯ್ತೇನ್ರಿ ಮೇಡಂ?”

“ನನ್ನ ಊಟದ ಫಿಕರ್ ಬಿಡ್ರಿ. ಇನ್ನ ಎರಡು ತಾಸಿನ್ಯಾಗ ನಾ ಸಹಿ ಮಾಡಾಕಿ. ಕಾರಣ ಇದ್ರ ಹೇಳ್ರಿ. ಇಲ್ಲಂದ್ರ ನನ್ನ ಕಾಲಾಗಿಂದ ಸರೀರಿ. ಒಂಬತ್ತು ದಿನ ನನ್ನ ಹೈರಾಣ ಮಾಡೀರಿ.”

ಟೊಪ್ಪಿಗೆಯತ್ತ ಕೈ ಹೋಯಿತು. ತೆಗೆಯಲಿಲ್ಲ. ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ನಿಧಾನವಾಗಿ ಕುಳಿತರು.

“ಯಾರೂ ಹೇಳಿಲ್ರಿ” ಎಂದರು. “ಅದನ್ನ ಮುಚ್ಚಿದಾಂವ ನಾನಽ.”

ಆಮೇಲೆ ಹೇಳಿದ್ದನ್ನು ನೆಲ ನೋಡುತ್ತಲೇ ಹೇಳಿದರು. ಹರೆಯದಲ್ಲಿ ಅವರು ಇದೇ ವಾಡೆಯಲ್ಲಿ ಆಳುಗಳ ಮೇಲಿನ ಮೇಸ್ತ್ರಿಯಾಗಿದ್ದರು. ಹಿತ್ತಲಿನಲ್ಲಿ ಎರಡನೆಯ ಹಗೇವು ಇತ್ತು. ಒಂದು ದಿನ ಬಾಯಿ ತೆರೆದ ಕೂಡಲೇ, ಗಾಳಿ ಆಡುವುದಕ್ಕೂ ಬಿಡದೆ, ಕಂದೀಲು ಇಳಿಸದೆ, ಹೊತ್ತಾಗುತ್ತದೆಂದು ಒಬ್ಬ ಆಳನ್ನು ಒಳಗಿಳಿಸಿದರು. ಅವನು ಅಲ್ಲೇ ಬಿದ್ದ. ಹಗ್ಗ ಕಟ್ಟಿದ್ದರಿಂದ ಎಳೆದು ತೆಗೆದರು. ಜೀವ ಉಳಿಯಿತು, ಆದರೆ ಮಾತು ಮೊದಲಿನಂತೆ ಆಗಲಿಲ್ಲ. ಯಜಮಾನರು ಹೊತ್ತು ಮುಳುಗುವುದರೊಳಗೆ ಅದನ್ನು ಮುಚ್ಚಿಹಾಕಲು ಹೇಳಿದರು. ಇವರೇ ನಿಂತು ಮುಚ್ಚಿಸಿದರು. ಆಮೇಲೆ ಆ ಕೆಲಸ ಬಿಟ್ಟರು. ವಾಡೆ ಬಿತ್ತು, ಹಿತ್ತಲ ಗೋಡೆ ಹೋಯಿತು, ಗಿಡ ಹೋಯಿತು. ಈಗ ಬಂದು ನಿಂತರೆ ದಿಕ್ಕೇ ಹತ್ತಲಿಲ್ಲ. ಅಜ್ಜಿ ಸೊಸೆಯಾಗಿ ಬಂದದ್ದು ಅದಾದ ಮೇಲೆ, ಹಾಗಾಗಿ ಆಕೆಗೆ ಗೊತ್ತಿರಲಿಲ್ಲ.

“ಹಂಗಾದ್ರ ಒಂಬತ್ತು ದಿನ ಊರ ಮಂದಿನೆಲ್ಲ ಕೇಳಿದ್ದು ಯಾಕ್ರಿ?”

“ಯಾರಿಗಾರ ನೆನಪಿದ್ರ ಅವರಽ ಹೇಳ್ತಾರ, ನಾ ಹೇಳೋದು ತಪ್ತದ ಅಂತ ಮಾಡಿದ್ದೆರಿ.”

ನನಗೆ ಕೂಗಬೇಕೆನಿಸಿತು. ಕೂಗಲಿಲ್ಲ. ಯಾಕೆಂದರೆ ಅವರು ಹೇಳಿದ್ದರಲ್ಲಿ ಒಂದು ಮಾತು ತಲೆಯಲ್ಲಿ ಸಿಕ್ಕಿಕೊಂಡಿತ್ತು. ಮುಚ್ಚಿದ್ದು ಎಂದರೆ ಬಾಯಿ ಮಾತ್ರವೋ, ಒಳಗೆ ಪೂರ್ತಿ ತುಂಬಿದ್ದೋ ಎಂದು ಕೇಳಿದೆ.

“ತುಂಬಿಸೇನ್ರಿ. ಹಿತ್ತಲದ ಎರಿ ಮಣ್ಣು, ಹುಲ್ಲು, ಕಸ. ಕೈಗಿ ಸಿಕ್ಕದ್ದೆಲ್ಲ ಚೆಲ್ಲಿಸೇನಿ. ಬಡಿಸಿಲ್ಲ.”

ನಾನು ಇಷ್ಟು ದಿನ ಟೊಳ್ಳು ಹುಡುಕುತ್ತಿದ್ದೆ. ಟೊಳ್ಳಿರಲೇ ಇಲ್ಲ. ದಾಖಲೆ ಪುಸ್ತಕ ತೆರೆದು ಮೊದಲಿನಿಂದ ಗೆರೆ ಗೆರೆ ಓದಿದೆ. ಹದಿನೇಳನೆಯ ತೂತು, ಮೂಲೆಯ ಗುಂಡಿಯ ತಳದಲ್ಲಿ ಕೊರೆದದ್ದು. ಎರಡು ಅಡಿ ಕೆಂಪು ಮುರುಮ್. ಅದರ ಕೆಳಗೆ ಕಪ್ಪು ಮಣ್ಣು. ಪಕ್ಕದಲ್ಲಿ ನನ್ನದೇ ದುಂಡು ಅಕ್ಷರದಲ್ಲಿ ಷರಾ ಇತ್ತು: ಮೇಲಿನ ಅಂಚಿನ ಎರೆಮಣ್ಣು ತೂತಿನೊಳಗೆ ಉದುರಿರಬೇಕು.

ಮುರುಮಿನ ಕೆಳಗೆ ಎರೆಮಣ್ಣು ತಾನಾಗಿ ಇರುವುದಿಲ್ಲ. ಮೊದಲ ವರ್ಷದ ವಿದ್ಯಾರ್ಥಿಗೂ ಇದು ಗೊತ್ತು. ಮನುಷ್ಯರು ತುಂಬಿದರೆ ಮಾತ್ರ ಇರುತ್ತದೆ. ಗಡಿಗೆಯ ಹೊಟ್ಟೆ ಮುರುಮಿನ ಅಡಿಯಲ್ಲಿ ನಮ್ಮ ಗುಂಡಿಯ ಕೆಳಗೆ ಚಾಚಿಕೊಂಡಿತ್ತು. ಅದರ ಬಾಯಿ ಗುಂಡಿಯ ಹೊರಗೆ ಎಲ್ಲೋ ಇತ್ತು. ನಾನು ನೋಡಿ ಮೆಚ್ಚಿಕೊಂಡಿದ್ದ ಆ ಕೆಂಪು ತಳ ಎರಡಡಿ ದಪ್ಪದ ಮುಚ್ಚಳ. ಅದರ ಮೇಲೆ ಒಂದು ಕಂಬ, ಕಂಬದ ಮೇಲೆ ಎರಡು ಅಂತಸ್ತು, ಎರಡು ಅಂತಸ್ತಿನಲ್ಲೂ ಮಲಗುವ ಕೋಣೆಗಳು. ಇನ್ನೆರಡು ತಾಸಿನಲ್ಲಿ ನಾನು ಅದಕ್ಕೆ ಸಹಿ ಮಾಡುವವಳಿದ್ದೆ.

ಚಾಲಕನನ್ನು ಕರೆದು, ಹಾರೆಯಿಂದ ಅಲ್ಲಿ ಅಗೆಸಿದೆ. ಮುರುಮ್ ಒಡೆದ ಕೆಳಗಿನಿಂದ ಕಪ್ಪು ಮಣ್ಣು ಮೆತ್ತಗೆ ಬಂತು, ಅದರಲ್ಲಿ ಹುಲ್ಲಿನ ಎಳೆಗಳಿದ್ದವು. ಅವರು ಬಗ್ಗಿ ಒಂದು ಹಿಡಿ ಎತ್ತಿ ಮೂಸಿದರು. ಆಮೇಲೆ ಮೊದಲ ಬಾರಿಗೆ ನನ್ನ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಹದಿನೇಳನೆಯ ಗೆರೆಯ ಮೇಲೆ ಬೆರಳಿಟ್ಟು ಓದಿದರು.

“ಆರು ದಿನದಿಂದ ನಿಮ್ಮ ಬುಕ್ಕಿನ್ಯಾಗಽ ಇತ್ತಲ್ರಿ ಮೇಡಂ” ಎಂದರು.

ಮೊದಲ ದಿನ ಬಾಯಿ ಬಿಟ್ಟಿದ್ದರೆ ಆರು ದಿನವೂ ಬೇಕಿರಲಿಲ್ಲ ಎಂದೆ. ನೋಡಿ ಬರೆದಿದ್ದರೆ ನನ್ನ ಬಾಯಿಯೇ ಬೇಕಿರಲಿಲ್ಲ ಎಂದರು. ಗುಂಡಿಯೊಳಗೆ ಹಾರೆ ಊರಿ ನಿಂತಿದ್ದ ಚಾಲಕ ಇಬ್ಬರ ಮುಖವನ್ನೂ ನೋಡಿ, “ಇಬ್ಬರೂ ಕೂಡಿ ಮುಚ್ಚಿಟ್ಟೀರಿ, ತೋಡಾಕ ಮಾತ್ರ ನಾ ಬೇಕು” ಎಂದ.

ಸೋಮವಾರ ಕಾಂಕ್ರೀಟ್ ಬರಲಿಲ್ಲ. ಗುತ್ತಿಗೆದಾರರು ಫೋನಿನಲ್ಲಿ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಬಾಯಿ ಹುಡುಕಿ ತೆರೆದು, ಕಂದೀಲು ಇಳಿಸಿ, ಹಳೆಯ ಮಣ್ಣನ್ನೆಲ್ಲ ಎತ್ತಿ, ಹೊಸ ಮುರುಮ್ ತುಂಬಿ ಬಡಿಯಲು ಇನ್ನೊಂದು ವಾರ ಹಿಡಿಯಿತು. ನಡುವೆ ಒಂದು ಮಳೆಯೂ ಬಂತು. ಆ ಇಡೀ ವಾರ ಅವರು ಗುಂಡಿಯ ಅಂಚು ಬಿಟ್ಟು ಕದಲಲಿಲ್ಲ. ಯಾರ ಮನೆಯ ಕಟ್ಟೆಗೂ ಹೋಗಲಿಲ್ಲ. ಎದುರಿನ ಅಜ್ಜಿಯೇ ಲೋಟದಲ್ಲಿ ಚಹಾ ತಂದುಕೊಟ್ಟು, ಈಗ ಸಿಕ್ಕಿತಲ್ಲ, ಇನ್ನಾದರೂ ಸುಮ್ಮನಿರು ಎಂದು ಬೈದು ಹೋದರು. ಅವರು ಚಹಾ ಕುಡಿದು ಮತ್ತೆ ಗುಂಡಿಯ ಕಡೆ ತಿರುಗಿ ಕುಳಿತರು.

ಕೆಲಸ ಮುಗಿದ ದಿನ ಸೈಟಿನ ಪುಸ್ತಕದಲ್ಲಿ ಬರೆಯಬೇಕಾಗಿತ್ತು. ತಪಾಸಣೆಯ ಕಾಲಕ್ಕೆ ತುಂಬಿದ ಹಗೇವು ಪತ್ತೆಯಾಗಿ ಸರಿಪಡಿಸಲಾಯಿತು ಎಂದು ಬರೆದೆ. ಅವರು ಓದಿ ತೋರಿಸಲು ಹೇಳಿದರು. ಓದಿದೆ.

“ಹಿಂಗ ಬರದ್ರ ತಾನಽ ಎದ್ದು ಬಂದಂಗ ಆಯ್ತಲ್ರಿ” ಎಂದರು. “ಮುಚ್ಚಿದಾಂವನ ಹೆಸರು ಬರೀರಿ. ಹ್ಯಾಂಗ ಮುಚ್ಚಿದ್ದ ಅನ್ನೋದೂ ಬರೀರಿ. ನಿಮ್ಮ ಹದಿನೇಳನೇದೂ ಬರೀರಿ.”

ಹೆಸರು ಬೇಕಿಲ್ಲ, ನಿಯಮದಲ್ಲಿ ಹಾಗಿಲ್ಲ ಎಂದೆ. ನನ್ನ ತಪ್ಪನ್ನು ಬರೆದರೆ ಮೇಲಿನವರು ಕೇಳುತ್ತಾರೆ ಎಂದೂ ಹೇಳಿದೆ. ಒಂದು ಗಂಟೆ ವಾದ ನಡೆಯಿತು. ಮೂರು ವರ್ಷದಲ್ಲಿ ಒಂದು ದಿನವೂ ಯಾವುದಕ್ಕೂ ನೇರ ಉತ್ತರ ಕೊಡದ ಮನುಷ್ಯ ಅಂದು ಒಂದೇ ಮಾತು ಹಿಡಿದು ಕುಳಿತರು. ಬರೆದೆ. ಅವರ ಹೆಸರು, ಅವರು ಮುಚ್ಚಿಸಿದ ರೀತಿ, ಹದಿನೇಳನೆಯ ತೂತು, ಅದರ ಷರಾ ತಪ್ಪೆಂಬುದು. ಕೆಳಗೆ ಸಹಿ ಮಾಡಿದೆ. ಮರುದಿನ ಕಾಂಕ್ರೀಟ್ ಬಿತ್ತು.

ತಿಂಗಳೊಳಗೆ ನನಗೆ ಕಚೇರಿಯಿಂದ ನೋಟಿಸ್ ಬಂತು. ಕಪ್ಪು ಮಣ್ಣು ಕಂಡುಬಂದರೂ ಆರು ದಿನ ಗಮನಿಸದಿರಲು ಕಾರಣ ತಿಳಿಸುವುದು. ವಿವರಣೆ ಬರೆದುಕೊಟ್ಟೆ. ಮುಂದಿನ ಎರಡು ಸೈಟುಗಳಲ್ಲಿ ಮತ್ತೆ ನನ್ನ ಸಹಿಯ ಕೆಳಗೆ ಹಿರಿಯರ ಸಹಿ ಬಂತು. ಸಿಟ್ಟಿನಿಂದ ಮುಕಾದಮ್ ಅವರಿಗೆ ಫೋನ್ ಮಾಡಿ ಹೇಳಿದೆ. ಕೇಳಿಸಿಕೊಂಡು, ತಮಗೇಕೆ ನೋಟಿಸ್ ಬರಲಿಲ್ಲ ಎಂದು ಕೇಳಿದರು. ನೀವು ಕಚೇರಿಯ ನೌಕರರಲ್ಲ, ನಿಮಗೆ ಕೊಡುವ ಪದ್ಧತಿ ಇಲ್ಲ ಎಂದೆ. ಅದಕ್ಕೆ ಅವರು ನಿಜವಾಗಿ ನೊಂದುಕೊಂಡರು. ದೊಡ್ಡ ತಪ್ಪು ನನ್ನದು, ಕಾಗದ ನಿಮಗೆ, ಇದು ಯಾವ ನ್ಯಾಯ ಎಂದು ಮತ್ತೆ ಮತ್ತೆ ಕೇಳಿದರು. ವಾರಕ್ಕೊಮ್ಮೆ ಫೋನ್ ಮಾಡಿ ಅದನ್ನೇ ಕೇಳತೊಡಗಿದರು.

ಕಾಟ ತಾಳಲಾರದೆ ನಾನೇ ಒಂದು ಬಿಳಿ ಹಾಳೆಯ ಮೇಲೆ ಬರೆದು ಚಾಲಕನ ಕೈಯಲ್ಲಿ ಕಳಿಸಿದೆ. ಸದರಿ ಸ್ಥಳದಲ್ಲಿ ಎರಡನೆಯ ಹಗೇವು ತುಂಬಿದ ವಿಷಯ ತಮಗೆ ಖುದ್ದಾಗಿ ತಿಳಿದಿದ್ದರೂ ಒಂಬತ್ತು ದಿನ ತಿಳಿಸದಿರಲು ಕಾರಣವೇನು, ಮೂರು ದಿನದೊಳಗೆ ಲಿಖಿತ 
ವಿವರಣೆ ನೀಡತಕ್ಕದ್ದು. 

ಮೂರು ವಾರ ತೆಗೆದುಕೊಂಡರು. ಹಾಳೆ ನಾಲ್ಕು ಮಡಿಕೆಯಾಗಿ ವಾಪಸು ಬಂತು. ನನ್ನ ಬರಹದ ಕೆಳಗೆ ಪೆನ್ಸಿಲಿನಲ್ಲಿ, ದಪ್ಪ ಅಕ್ಷರದಲ್ಲಿ ಎರಡು ಸಾಲು ಇದ್ದವು.

“ಮೇಡಂ ಅವರು ಬೈದರೂ ನನ್ನ ಮಾತು ಕೇಳತಿದ್ದರು. ಇದು ಗೊತ್ತಾದ ಮ್ಯಾಲ ಕೇಳೋದು ಬಿಡತಾರ ಅಂತ ಅಂಜಿದೆ.”

ನಿಂಬರ್ಗಾದಿಂದ ಅಂದಿನವರೆಗೆ ನಾನು ಅವರ ಒಂದು ಮಾತನ್ನೂ ಕೇಳಿಲ್ಲವೆಂದೇ ತಿಳಿದಿದ್ದೆ. ಒಂಬತ್ತು ದಿನ ಸಹಿ ಹಾಕದೆ ಕಾದದ್ದು ಯಾರ ಮಾತಿಗೆ ಎಂದು ಆ ಹಾಳೆ ಹಿಡಿದು ಕುಳಿತಾಗ ಮೊದಲ ಸಲ ಯೋಚಿಸಿದೆ.

ವಿವರಣೆಯ ಕೆಳಗೆ ತಾರೀಖೂ ಇರಲಿಲ್ಲ, ಸಹಿಯೂ ಇರಲಿಲ್ಲ. ಹಾಕಿಸಿಕೊಂಡು ಬಾ ಎಂದು ಚಾಲಕನ ಕೈಯಲ್ಲೇ ತಿರುಗಿ ಕಳಿಸಿದೆ. ಅದು ಇನ್ನೂ ಬಂದಿಲ್ಲ. ಕೇಳಿದರೆ ಕಣ್ಣಿನ ಪಟ್ಟಿ ಬಿಚ್ಚಲಿ ಎನ್ನುತ್ತಾರಂತೆ. ಈ ಭಾನುವಾರ ಅಫಜಲಪುರದ ಬಸ್ ಹಿಡಿದು ಅವರ ಊರಿಗೆ ನಾನೇ ಹೋಗಿ, ಎದುರು ಕುಳಿತು ಸಹಿ ಮಾಡಿಸಿಕೊಂಡು ಬರುತ್ತೇನೆ.